ಗೆದ್ದ ಪಕ್ಷಕ್ಕೂ ಅದೇ ಪ್ರಶ್ನೆ ಕೇಳಿ: ನಾಗರಿಕ ಹಕ್ಕು ಸಂಘಟನೆಗಳ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಮೈದಾನ, ಪಾರ್ಕು, ರಸ್ತೆಯಂಥ ಜಾಗಗಳಲ್ಲಿ ಖಾಸಗಿ ಸಂಘ ಸಂಸ್ಥೆಗಳ ಹತ್ತಕ್ಕಿಂತ ಜಾಸ್ತಿ ಜನ ಸೇರಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಅನ್ನೋದು ಅದರ ತಿರುಳು. ಅದರಲ್ಲಿ ಯಾವ ಸಂಘದ ಹೆಸರೂ ಇರಲಿಲ್ಲ. ಆದರೆ ಆರ್‌ಎಸ್‌ಎಸ್ ಚಟುವಟಿಕೆಗಳಿಗೆ ಕಡಿವಾಣ ಹಾಕಿ ಅಂತ ಸಚಿವ ಪ್ರಿಯಾಂಕ್ ಖರ್ಗೆ ಮುಖ್ಯಮಂತ್ರಿಗೆ ಪತ್ರ ಬರೆದ ಬೆನ್ನಲ್ಲೇ ಅದು ಬಂದಿತ್ತು. ಗುರಿ ಯಾರು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದೇ ತಿಂಗಳ 28ರಂದು ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು.

ಆ ದಿನಗಳಲ್ಲಿ ನಮ್ಮ ವಲಯದ ಕೆಲವರ ಬಾಯಲ್ಲಿ ನಾನು ಕೇಳಿದ ಮಾತು, "ಆರ್‌ಎಸ್‌ಎಸ್‌ನವರಿಗೆ ತಾನೇ, ಬಿಡಿ." ಈ ಪತ್ರ ಬರೆಯೋಕೆ ಆ ಮಾತೇ ಕಾರಣ.

ನಾನು ನಿಮ್ಮ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುವವನು. ನಿಮ್ಮ ಸತ್ಯಶೋಧನಾ ವರದಿಗಳನ್ನು ಓದುತ್ತೇನೆ, ಕೈಲಾದಷ್ಟು ಚಂದಾ ಕೊಡುತ್ತೇನೆ. ಆರ್‌ಎಸ್‌ಎಸ್‌ನ ವಿಚಾರಗಳನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಆ ಮಾತು ನನಗೆ ಭಯ ಹುಟ್ಟಿಸಿತು. ಹತ್ತು ಜನ ಪಾರ್ಕಿನಲ್ಲಿ ಸೇರಲು ಇವತ್ತು ಸ್ವಯಂಸೇವಕರು ಅರ್ಜಿ ಹಾಕಬೇಕು ಅಂದರೆ, ನಾಳೆ ಅಂಗನವಾಡಿ ಕಾರ್ಯಕರ್ತೆಯರು ಹಾಕಬೇಕು, ರೈತ ಸಂಘದವರು ಹಾಕಬೇಕು, ದಲಿತ ಸಂಘರ್ಷ ಸಮಿತಿಯವರು ಹಾಕಬೇಕು. ಅರ್ಜಿಗೆ ಸಹಿ ಮಾಡುವ ಅಧಿಕಾರಿ ನಾಳೆ ಯಾವ ಸರ್ಕಾರದ ಕೈಕೆಳಗೆ ಇರುತ್ತಾನೋ ಯಾರಿಗೆ ಗೊತ್ತು?

ನಾಗರಿಕ ಹಕ್ಕು ಸಂಘಟನೆಗಳು ಪಕ್ಷಾತೀತವಾಗಿ ಉಳಿಯೋದು ಸಾಧ್ಯವೇ ಇಲ್ಲ ಅನ್ನೋ ವಾದ ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ದೇಶದ ಸ್ಥಿತಿ ಹೀಗಿರುವಾಗ ಪಕ್ಷಾತೀತ ಅನ್ನೋದು ಹೇಡಿತನ ಅಂತ ಒಳ್ಳೆಯ ಗೆಳೆಯರೇ ಹೇಳುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನನ್ನ ನಂಬಿಕೆ ಬೇರೆ. ಪಕ್ಷಾತೀತವಾಗಿ ಉಳಿಯಲು ಆಗುತ್ತದೆ, ಉಳಿಯಲೇಬೇಕು. ನಮಗೆ ಬೇಕಾದವರು ಅಧಿಕಾರಕ್ಕೆ ಬಂದ ಮೊದಲ ದಿನದಿಂದಲೇ ಅದರ ಪರೀಕ್ಷೆ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಪಕ್ಷಗಳನ್ನೂ ಸಮ ಸಮವಾಗಿ ಬೈಯಿರಿ ಅಂತ ನಾನು ಕೇಳುತ್ತಿಲ್ಲ. ಒಂದು ಸರ್ಕಾರ ಜಾಸ್ತಿ ಜನರನ್ನು ಜೈಲಿಗೆ ಹಾಕಿದರೆ ಅದರ ವಿರುದ್ಧ ಜಾಸ್ತಿ ಹೇಳಿಕೆ ಬರಬೇಕು. 2019ರ ಡಿಸೆಂಬರ್ 19ರಂದು ಬೆಂಗಳೂರಿನಲ್ಲಿ ಜನ ಗುಂಪು ಸೇರದಂತೆ ಸೆಕ್ಷನ್ 144 ಹಾಕಿ, ಪೌರತ್ವ ಕಾಯ್ದೆಯ ವಿರುದ್ಧ ಟೌನ್ ಹಾಲ್ ಮುಂದೆ ನಿಂತವರನ್ನು ಪೊಲೀಸರು ಎಳೆದೊಯ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಟಿವಿಯವರ ಜೊತೆ ಮಾತಾಡುತ್ತಿರುವಾಗಲೇ ಹಿಡಿದರು. ಆಗ ಇದ್ದದ್ದು ಬಿಜೆಪಿ ಸರ್ಕಾರ. ಆ ಸರ್ಕಾರವನ್ನು ಹೆಸರು ಹಿಡಿದು ಖಂಡಿಸಿದ್ದು ಪಕ್ಷ ರಾಜಕಾರಣ ಆಗಲಿಲ್ಲ. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಕೂಡ ಆ 144 ಆದೇಶ ಕಾನೂನಿಗೆ ವಿರುದ್ಧ ಅಂದಿತು. ಕೋರ್ಟಿಗೆ ಹೋದವರಲ್ಲಿ ಕಾಂಗ್ರೆಸ್‌ನ ರಾಜೀವ್ ಗೌಡ, ಸೌಮ್ಯಾ ರೆಡ್ಡಿ ಇದ್ದರು.

ಆದರೆ ಮುಂದೆ ಏನಾಯಿತು ನೋಡಿ. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಪ್ರತಿಭಟನೆ ಮಾಡಬಾರದು ಅನ್ನೋ 2021ರ ಆದೇಶ ಬಿಜೆಪಿ ಕಾಲದ್ದು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಆದೇಶ ಮಾತ್ರ ಉಳಿಯಿತು. ಟೌನ್ ಹಾಲ್ ಮುಂದೆ ನಿಲ್ಲುವ ಹಕ್ಕಿಗಾಗಿ ಅವತ್ತು ಕೋರ್ಟಿಗೆ ಹೋದವರ ಪಕ್ಷವೇ ಅಧಿಕಾರಕ್ಕೆ ಬಂತು. ಆದರೂ ಟೌನ್ ಹಾಲ್ ಜನರಿಗೆ ವಾಪಸ್ ಸಿಗಲಿಲ್ಲ.

ಫ್ರೀಡಂ ಪಾರ್ಕ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದು ಹಳೆಯ ಸೆಂಟ್ರಲ್ ಜೈಲು. ಕಾವಲು ಗೋಪುರ ಈಗಲೂ ಮಧ್ಯದಲ್ಲಿ ನಿಂತಿದೆ, ಬ್ಯಾರಕ್ಕುಗಳೂ ಇವೆ. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ 26ರಂದು ಬಂಧಿಸಿ ಇದೇ ಜೈಲಿನಲ್ಲಿಟ್ಟರು. ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನೂ ಇಲ್ಲೇ ಇಟ್ಟಿದ್ದರು. ಆಸ್ತಮಾದಿಂದ ನರಳುತ್ತಿದ್ದ ಆಕೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಾಜಪೇಯಿ ಜನಸಂಘದವರು, ದಂಡವತೆ ಸಮಾಜವಾದಿ, ಸ್ನೇಹಲತಾ ಲೋಹಿಯಾ ವಿಚಾರದವರು. ಜೈಲು ಯಾರ ಪಕ್ಷವನ್ನೂ ಕೇಳಲಿಲ್ಲ. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು (ಬಂಧನ ಕಾನೂನುಬದ್ಧವೇ ಅಂತ ಕೋರ್ಟ್ ನೋಡಬೇಕು ಅನ್ನೋ ಅರ್ಜಿಗಳನ್ನು) ವಿಚಾರಣೆಗೆ ಎತ್ತಿಕೊಂಡ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಮತ್ತು ನ್ಯಾಯಮೂರ್ತಿ ಸದಾನಂದಸ್ವಾಮಿ ಅವರನ್ನು ರಾಜ್ಯದಿಂದ ಹೊರಗೆ ವರ್ಗ ಮಾಡಿದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕೇ ಇಲ್ಲ ಅಂದುಬಿಟ್ಟಿತು. ಐವರಲ್ಲಿ ಒಪ್ಪದೇ ಹೋದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಆ ಕತ್ತಲಲ್ಲಿ, 1976ರ ಅಕ್ಟೋಬರ್‌ನಲ್ಲಿ, ಜಯಪ್ರಕಾಶ್ ನಾರಾಯಣ್ (ಜೆಪಿ) ನಾಗರಿಕ ಹಕ್ಕುಗಳಿಗಾಗಿ ಒಂದು ಸಂಘಟನೆ ಕಟ್ಟಿದರು. ಪಕ್ಷ, ಸಿದ್ಧಾಂತ ಯಾವುದೇ ಇರಲಿ, ಹಕ್ಕಿನ ವಿಷಯದಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಬೇಕು ಅನ್ನೋದು ಅವರ ಆಸೆಯಾಗಿತ್ತು. ಐದೇ ತಿಂಗಳಲ್ಲಿ ಇಂದಿರಾ ಗಾಂಧಿ ಸೋತರು. ಜನತಾ ಸರ್ಕಾರ ಬಂತು. ಸಂಘಟನೆ ಮಂಕಾಯಿತು. ನಮ್ಮವರೇ ಬಂದರಲ್ಲ, ಇನ್ನೇನು ಕೆಲಸ ಅನ್ನೋ ಭಾವನೆ. ವಿಚಾರಣೆ ಇಲ್ಲದೆ ಬಂಧಿಸಿಡಲು ಬಳಸಿದ ಮೀಸಾ ಕಾಯ್ದೆಯನ್ನು ರದ್ದು ಮಾಡಿದ್ದು ಜನತಾ ಸರ್ಕಾರವೇ, ಆ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಆದರೆ ಜೈಲಿನಿಂದ ಬಂದವರೇ ಕೂತಿದ್ದ ಆ ಸರ್ಕಾರ ಮುನ್ನೆಚ್ಚರಿಕೆ ಬಂಧನವನ್ನು ಸಾಮಾನ್ಯ ಕಾನೂನಿನೊಳಗೇ ಸೇರಿಸಲು ಮಸೂದೆ ತಂದಿತ್ತು. ಗಲಾಟೆಯಾದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. 1980ರಲ್ಲಿ ಇಂದಿರಾ ವಾಪಸ್ ಬಂದು ರಾಷ್ಟ್ರೀಯ ಭದ್ರತಾ ಕಾಯ್ದೆ ತಂದ ವರ್ಷವೇ ಆ ಸಂಘಟನೆಗೆ ಮತ್ತೆ ಜೀವ ಬಂದು ಈಗಿನ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಆಯಿತು. ವಿ.ಎಂ. ತಾರ್ಕುಂಡೆ ಅಧ್ಯಕ್ಷರು, ಅರುಣ್ ಶೌರಿ ಪ್ರಧಾನ ಕಾರ್ಯದರ್ಶಿ. ಪಕ್ಷಗಳಲ್ಲಿ ಇರುವವರೂ ಸದಸ್ಯರಾಗಬಹುದು, ಆದರೆ ಹಕ್ಕಿನ ಮಾತು ಬಂದಾಗ ಪಕ್ಷವನ್ನು ಹೊರಗಿಟ್ಟು ಮಾತಾಡಬೇಕು ಅನ್ನೋ ತಿಳಿವಳಿಕೆಯ ಮೇಲೆ ಅದು ನಿಂತಿತು. ಈ ತಿಳಿವಳಿಕೆ ಯಾವುದೋ ಪುಸ್ತಕದಿಂದ ಬಂದದ್ದಲ್ಲ. 1977ರಿಂದ 80ರವರೆಗೆ ಸುಮ್ಮನಿದ್ದದ್ದಕ್ಕೆ ಕಟ್ಟಿದ ಬೆಲೆಯಿಂದ ಬಂದದ್ದು.

ಜೆಪಿಗಿಂತ ನಲವತ್ತು ವರ್ಷ ಮುಂಚೆಯೂ ಇದೇ ಕಥೆ ನಡೆದಿತ್ತು. 1936ರಲ್ಲಿ ಜವಾಹರಲಾಲ್ ನೆಹರು ಮುಂದೆ ನಿಂತು ಭಾರತೀಯ ನಾಗರಿಕ ಹಕ್ಕುಗಳ ಒಕ್ಕೂಟ ಕಟ್ಟಿದರು. ರವೀಂದ್ರನಾಥ ಟ್ಯಾಗೋರ್ ಗೌರವ ಅಧ್ಯಕ್ಷರು, ಸರೋಜಿನಿ ನಾಯ್ಡು ಕಾರ್ಯಾಧ್ಯಕ್ಷರು. ಮರುವರ್ಷವೇ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದವು. ಮದ್ರಾಸಿನಲ್ಲಿ ರಾಜಾಜಿ ಸರ್ಕಾರ ಸಮಾಜವಾದಿ ಬಾಟ್ಲಿವಾಲಾ ಮೇಲೆ ರಾಜದ್ರೋಹದ ಕೇಸು ಹಾಕಿತು. ಬ್ರಿಟಿಷರು ತಿಲಕರ ಮೇಲೆ, ಗಾಂಧಿಯ ಮೇಲೆ ಹಾಕಿದ್ದ ಅದೇ 124ಎ. ಒಕ್ಕೂಟದಲ್ಲಿ ಇದ್ದವರಲ್ಲಿ ಎಷ್ಟೋ ಜನ ಕಾಂಗ್ರೆಸ್ಸಿನವರು. ಸ್ವಂತ ಪಕ್ಷದ ಸರ್ಕಾರವನ್ನು ಎಷ್ಟು ಗಟ್ಟಿಯಾಗಿ ಕೇಳಬೇಕು ಅನ್ನೋ ಇಕ್ಕಟ್ಟಿನಲ್ಲಿ ಅದು ಸೊರಗಿತು.

ಇನ್ನು 1950ರ ಮೇ 26. ಈ ತಾರೀಕನ್ನು ಹಕ್ಕುಗಳ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ. ಆ ದಿನ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು, ರೊಮೇಶ್ ಥಾಪರ್ ಅವರ ಎಡಪಂಥೀಯ ವಾರಪತ್ರಿಕೆ ಕ್ರಾಸ್ ರೋಡ್ಸ್ ಪರ. ಅದನ್ನು ಮದ್ರಾಸ್ ಸರ್ಕಾರ ತನ್ನ ರಾಜ್ಯದೊಳಗೆ ಬರದಂತೆ ತಡೆದಿತ್ತು. ಇನ್ನೊಂದು, ಆರ್‌ಎಸ್‌ಎಸ್‌ನ ವಾರಪತ್ರಿಕೆ ಆರ್ಗನೈಸರ್ ಪರ. ಅದು ಅಚ್ಚಾಗುವ ಮೊದಲೇ ಅಧಿಕಾರಿಗಳಿಗೆ ತೋರಿಸಬೇಕು ಅಂತ ದೆಹಲಿಯಲ್ಲಿ ಆದೇಶವಾಗಿತ್ತು. ಎರಡೂ ಆದೇಶಗಳು ಬಿದ್ದವು. ಈ ದೇಶದ ವಾಕ್ ಸ್ವಾತಂತ್ರ್ಯದ ಕಾನೂನಿಗೆ ಅಡಿಪಾಯ ಬಿದ್ದದ್ದು ಹೀಗೆ. ಒಂದೇ ದಿನ, ಒಂದೇ ಕೋರ್ಟಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಎರಡು ಪತ್ರಿಕೆಗಳು ಅದನ್ನು ಗೆದ್ದುಕೊಟ್ಟವು. ಮರುವರ್ಷ ಸಂವಿಧಾನದ ಮೊದಲ ತಿದ್ದುಪಡಿ ತಂದು ಆ ಸ್ವಾತಂತ್ರ್ಯಕ್ಕೆ ಹೊಸ ಮಿತಿಗಳನ್ನು ಹಾಕಿದ ಪ್ರಧಾನಿ ನೆಹರು. ಹದಿನೈದು ವರ್ಷದ ಹಿಂದೆ ಹಕ್ಕುಗಳ ಒಕ್ಕೂಟ ಕಟ್ಟಿದ್ದ ಅದೇ ನೆಹರು. ನೆಹರು ಮೇಲೆ ನನಗೆ ದೊಡ್ಡ ಗೌರವವಿದೆ. ಅಂಥವರನ್ನೇ ಅಧಿಕಾರ ಬದಲಿಸಿತು ಅಂದರೆ ಉಳಿದವರ ಪಾಡೇನು?

ಉಳಿದವರ ಪಾಡನ್ನೂ ನೋಡಿದ್ದೇವೆ. ಬೆಂಗಳೂರು ಜೈಲಿನಲ್ಲಿ ಮೀಸಾ ಬಂದಿಯಾಗಿದ್ದ ಅಡ್ವಾಣಿ 2002ರಲ್ಲಿ ಗೃಹ ಸಚಿವರಾಗಿ ಭಯೋತ್ಪಾದನೆ ತಡೆಯ ಪೋಟಾ ಕಾಯ್ದೆ ತಂದರು. ಪಿಯುಸಿಎಲ್‌ನ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದ ಶೌರಿ ಆಗ ಅದೇ ಸರ್ಕಾರದಲ್ಲಿ ಮಂತ್ರಿ. ಮಾರ್ಚ್‌ನಲ್ಲಿ ಸಂಸತ್ತಿನ ಜಂಟಿ ಅಧಿವೇಶನ ಕರೆದು ಮಸೂದೆ ಪಾಸು ಮಾಡಿಸಿದರು. ಅದನ್ನು ಬೆಂಬಲಿಸಿದ ಮಿತ್ರಪಕ್ಷಗಳಲ್ಲಿ ತಮಿಳುನಾಡಿನ ವೈಕೋ ಅವರ ಪಕ್ಷವೂ ಒಂದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ವೈಕೋಗೆ ಆ ಕಾಲ ಬರಲು ನಾಲ್ಕು ತಿಂಗಳೂ ಬೇಕಾಗಲಿಲ್ಲ. ಜುಲೈನಲ್ಲಿ ಅಮೆರಿಕದಿಂದ ಚೆನ್ನೈಗೆ ಬಂದಿಳಿದ ಅವರನ್ನು ಜಯಲಲಿತಾ ಸರ್ಕಾರ ಅದೇ ಪೋಟಾ ಅಡಿಯಲ್ಲಿ ಬಂಧಿಸಿತು. ಎಲ್‌ಟಿಟಿಇ ಪರ ಭಾಷಣ ಮಾಡಿದರು ಅನ್ನೋದು ಆರೋಪ. ಒಂದೂವರೆ ವರ್ಷಕ್ಕಿಂತ ಜಾಸ್ತಿ ಒಳಗಿದ್ದರು.

ಪೋಟಾವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದು ಪಿಯುಸಿಎಲ್. 2003ರ ಡಿಸೆಂಬರ್‌ನಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು ಇದ್ದ ಆ ಪೀಠ ಒಂದು ಮುಖ್ಯ ಮಾತು ಹೇಳಿತು. ಭಯೋತ್ಪಾದನೆಗೆ ನೆರವಾಗುವ ಉದ್ದೇಶ ಇಲ್ಲದೆ ಬರೀ ನೈತಿಕ ಬೆಂಬಲದ ಮಾತಾಡಿದರೆ ಅದು ಅಪರಾಧವಲ್ಲ. ವೈಕೋ ಮೇಲೆ ಹಾಕಿದ್ದ ಸೆಕ್ಷನ್ನಿಗೂ ಆ ಮಾತು ಅನ್ವಯಿಸುತ್ತಿತ್ತು. ಕಾಯ್ದೆಗೆ ಬೆಂಬಲ ಕೊಟ್ಟವನಿಗೂ ಆ ಕಾಯ್ದೆಯ ವಿರುದ್ಧ ನಿಂತವರ ಕೆಲಸ ನೆರಳಾಯಿತು. ನಾಗರಿಕ ಹಕ್ಕು ಸಂಘಟನೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕೇಸನ್ನೇ ಹೇಳುತ್ತೇನೆ.

ಪೋಟಾ ವಿರುದ್ಧ ಸಂಸತ್ತಿನಲ್ಲಿ ಗುಡುಗಿದ್ದ ಕಾಂಗ್ರೆಸ್ 2004ರಲ್ಲಿ ಗೆದ್ದು ಅದನ್ನು ರದ್ದು ಮಾಡಿತು. ಅದೇ ಕೈಯಲ್ಲಿ ಅದರ ಎಷ್ಟೋ ಅಂಶಗಳನ್ನು ಯುಎಪಿಎಗೆ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ) ತುಂಬಿತು. 2008ರಲ್ಲಿ ಮುಂಬೈ ದಾಳಿಯ ನಂತರ ಜಾಮೀನು ಸಿಗದಂಥ ಬಿಗಿ ನಿಯಮ ಸೇರಿಸಿದ್ದೂ ಅದೇ ಸರ್ಕಾರ. 2019ರಲ್ಲಿ ಬಿಜೆಪಿ ಸರ್ಕಾರ ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಅಂತ ಘೋಷಿಸುವ ಅಧಿಕಾರ ತಂದಾಗ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಅದರ ಪರವಾಗಿ ಮತ ಹಾಕಿತು. ಇವತ್ತು ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಜೈಲಲ್ಲಿ ಕೊಳೆಯುತ್ತಿರುವವರ ಜಾಮೀನಿಗೆ ಅಡ್ಡ ನಿಂತಿರೋದು 2008ರಲ್ಲಿ ಸೇರಿಸಿದ ಆ ನಿಯಮ. ಹಾಗಿರುವಾಗ ಯಾವ ಪಕ್ಷದ ಜೊತೆ ಕೈಜೋಡಿಸಿ ಇದರ ವಿರುದ್ಧ ಹೋರಾಡುತ್ತೀರಿ?

ಈಗ 2023ಕ್ಕೆ ಬರುತ್ತೇನೆ. ಆ ವಿಧಾನಸಭಾ ಚುನಾವಣೆಯಲ್ಲಿ ಎದ್ದೇಳು ಕರ್ನಾಟಕ ಅಭಿಯಾನದಂಥ ವೇದಿಕೆಗಳ ಮೂಲಕ ನಮ್ಮ ಎಷ್ಟೋ ಗೆಳೆಯರು ಹಳ್ಳಿ ಹಳ್ಳಿ ಸುತ್ತಿದರು. ಬಿಜೆಪಿಯನ್ನು ಸೋಲಿಸಬೇಕು ಅಂತ ಬಹಿರಂಗವಾಗಿಯೇ ಕೇಳಿದರು. ನಾಗರಿಕರಾಗಿ ಅದು ಅವರ ಹಕ್ಕು. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದೇ ಮನುಷ್ಯ ಹಕ್ಕು ಸಂಘಟನೆಯ ಲೆಟರ್‌ಹೆಡ್ ಮೇಲೆ ಸಹಿ ಮಾಡಿದಾಗ ಕಷ್ಟ ಶುರುವಾಗುತ್ತದೆ. ಓದುವವರು ಸಹಿಯನ್ನು ನೋಡುತ್ತಾರೆ, ಒಳಗಿನ ವಿಷಯವನ್ನು ಆಮೇಲೆ ನೋಡುತ್ತಾರೆ.

2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ತಿರದ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. ಇದ್ದದ್ದು ಕಾಂಗ್ರೆಸ್ ಸರ್ಕಾರ. ಎನ್‌ಕೌಂಟರ್ ಸಾವಾದರೆ ಎಫ್‌ಐಆರ್ ಆಗಬೇಕು, ಸ್ವತಂತ್ರ ತನಿಖೆ ಆಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಮಾಡಿದೆ. ಆ ನಿಯಮ ಬಂದದ್ದು ಮಹಾರಾಷ್ಟ್ರದ ಎನ್‌ಕೌಂಟರ್‌ಗಳ ಬಗ್ಗೆ ಪಿಯುಸಿಎಲ್ ನಡೆಸಿದ ಕೇಸಿನಲ್ಲೇ. ವಿಕ್ರಂ ಗೌಡ ಸಾವಿನ ತನಿಖೆ ಆಗಬೇಕು ಅಂತ ರಾಜ್ಯದಲ್ಲಿ ದನಿ ಎದ್ದಾಗ ನನಗೆ ಧೈರ್ಯ ಬಂತು. ತಾವೇ ಬಯಸಿ ತಂದ ಸರ್ಕಾರವನ್ನೂ ಕೇಳುವವರು ಇದ್ದಾರಲ್ಲ ಅನ್ನಿಸಿತು.

ಇದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಎದುರು ಶರಣಾಗಿ ಮುಖ್ಯವಾಹಿನಿಗೆ ಬಂದರು. ನಡುವೆ ನಿಂತು ಮಾತಾಡಿದ್ದು ಶಾಂತಿಗಾಗಿ ನಾಗರಿಕರ ವೇದಿಕೆಯವರು. ಸರ್ಕಾರದ ಬಾಗಿಲು ತಟ್ಟುವಷ್ಟು ನಂಟು ಇರದಿದ್ದರೆ ಅದು ಆಗುತ್ತಿರಲಿಲ್ಲವೇನೋ. ಆರು ಜೀವ ಉಳಿದವು. ಅದನ್ನು ಹಗುರವಾಗಿ ನೋಡುವ ಧೈರ್ಯ ನನಗಿಲ್ಲ. ಆದರೂ ಆ ಕೆಲಸ ಬೇರೆ, ನಿಮ್ಮ ಕೆಲಸ ಬೇರೆ. ಮಾತುಕತೆಗೆ ಹೋಗುವವರಿಗೆ ಸರ್ಕಾರದ ವಿಶ್ವಾಸ ಬೇಕು. ಎನ್‌ಕೌಂಟರ್ ತನಿಖೆ ಮಾಡುವವರಿಗೆ ಸತ್ತವರ ಮನೆಯವರ ವಿಶ್ವಾಸ ಬೇಕು. ಎರಡನ್ನೂ ಒಂದೇ ತಂಡ ಮಾಡಲು ಹೋದರೆ ಒಂದಲ್ಲ ಒಂದು ಕಡೆ ನಂಬಿಕೆ ಹೋಗುತ್ತದೆ.

ಪಕ್ಷ ಅಂದರೆ ಚುನಾವಣೆಗೆ ನಿಲ್ಲುವ ಪಕ್ಷ ಮಾತ್ರ ಅಂತ ಅಂದುಕೊಳ್ಳಬೇಡಿ. ಇದನ್ನು ನಮಗೆ ಕಲಿಸಿದವರು ಬಳ್ಳಾರಿಯಲ್ಲಿ ಹುಟ್ಟಿ ಆಂಧ್ರದಲ್ಲಿ ಬದುಕಿದ ಕೆ. ಬಾಲಗೋಪಾಲ್. ಆಂಧ್ರಪ್ರದೇಶ ನಾಗರಿಕ ಹಕ್ಕುಗಳ ಸಮಿತಿಯಲ್ಲಿ ವರ್ಷಗಟ್ಟಲೆ ದುಡಿದವರು ಅವರು. ನಕ್ಸಲರ ಹೆಸರಿನಲ್ಲಿ ಪೊಲೀಸರು ನಡೆಸಿದ ಎನ್‌ಕೌಂಟರ್‌ಗಳ ಬೆನ್ನು ಹತ್ತಿ ಹಳ್ಳಿಗಳಿಗೆ ಹೋಗಿ ವರದಿ ಬರೆದವರು. ಅದಕ್ಕೆ ಆ ಸಮಿತಿ ತೆತ್ತ ಬೆಲೆ ಸಣ್ಣದಲ್ಲ. ವಾರಂಗಲ್‌ನ ಮಕ್ಕಳ ಡಾಕ್ಟರ್ ರಾಮನಾಥಂ ಅವರನ್ನು 1985ರಲ್ಲಿ ಅವರ ಕ್ಲಿನಿಕ್ಕಿನಲ್ಲೇ ಗುಂಡಿಕ್ಕಿ ಕೊಂದರು. ಇಷ್ಟೆಲ್ಲ ಆದ ಮೇಲೂ ಬಾಲಗೋಪಾಲ್ ತಮ್ಮವರಿಗೇ ಒಂದು ಪ್ರಶ್ನೆ ಹಾಕಿದರು. ನಕ್ಸಲರು ಬಡವನೊಬ್ಬನನ್ನು ಮಾಹಿತಿದಾರ ಅಂತ ಕೊಂದಾಗ ನಾವೇಕೆ ಸುಮ್ಮನಿರಬೇಕು? ಆ ಜಗಳ ಬಗೆಹರಿಯಲಿಲ್ಲ. ಕೊನೆಗೆ ಹೊರಬಂದು 1998ರಲ್ಲಿ ಗೆಳೆಯರ ಜೊತೆ ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. ಪೊಲೀಸರ ಅನ್ಯಾಯವನ್ನು ಕೇಳೋದನ್ನು ಅವರು ಒಂದು ದಿನವೂ ಬಿಡಲಿಲ್ಲ. 2009ರಲ್ಲಿ ಸಾಯುವವರೆಗೂ ಕೋರ್ಟಿನಲ್ಲಿ ಬಡವರ ವಕೀಲರಾಗಿದ್ದರು. ಪಕ್ಷಾತೀತ ಅನ್ನೋದು ಹೇಡಿತನ ಅನ್ನುವವರು ದಯವಿಟ್ಟು ಬಾಲಗೋಪಾಲ್ ಅವರನ್ನು ನೆನಪಿಸಿಕೊಳ್ಳಬೇಕು.

ಅಮೆರಿಕದ ನಾಗರಿಕ ಹಕ್ಕು ಸಂಘಟನೆ ಎಸಿಎಲ್‌ಯು ಕೂಡ ಇದೇ ಜಗಳವನ್ನು ಹಾದು ಬಂದಿದೆ. 1977ರಲ್ಲಿ ಸ್ಕೋಕಿ ಅನ್ನೋ ಊರಿನಲ್ಲಿ ನಾಜಿ ಗುಂಪೊಂದು ಮೆರವಣಿಗೆ ಮಾಡುವ ಹಕ್ಕಿನ ಪರವಾಗಿ ಅದು ಕೋರ್ಟಿನಲ್ಲಿ ನಿಂತು ಸಾವಿರಾರು ಸದಸ್ಯರನ್ನು ಕಳೆದುಕೊಂಡಿತು. 2018ರಲ್ಲಿ ಅದೇ ಸಂಸ್ಥೆ ಟ್ರಂಪ್ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನ ಮಾಡಿದ್ದ ನ್ಯಾಯಮೂರ್ತಿಯ ವಿರುದ್ಧ ದುಡ್ಡು ಸುರಿದು ಟಿವಿ ಜಾಹೀರಾತು ಕೊಟ್ಟಾಗ ಹಳಬರೇ ಬೇಸರಪಟ್ಟರು. ಆದರೆ 2024ರಲ್ಲಿ, ತಾನು ಬಹುತೇಕ ವಿಷಯಗಳಲ್ಲಿ ಒಪ್ಪದ ಬಂದೂಕು ಮಾಲೀಕರ ಸಂಘದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿತು. ಒಮ್ಮೆ ಜಾರಿದರೂ ಮತ್ತೆ ನಿಲ್ಲಬಹುದು ಅನ್ನೋದಕ್ಕೆ ಅದನ್ನು ಹೇಳಿದೆ ಅಷ್ಟೇ.

ಇದೆಲ್ಲ ಯಾಕೆ ಇಷ್ಟು ಮುಖ್ಯ ಅಂದರೆ, ನಿಮ್ಮ ಕೈಯಲ್ಲಿ ಬೇರೇನೂ ಇಲ್ಲ. ಪೊಲೀಸು ಇಲ್ಲ, ಮತ ಇಲ್ಲ, ದುಡ್ಡು ಇಲ್ಲ. ಜನ ನಿಮ್ಮ ವರದಿಯನ್ನು ನಂಬುತ್ತಾರೆ ಅನ್ನೋದು ಒಂದೇ ಇರೋದು. ರಾತ್ರಿ ಹನ್ನೊಂದಕ್ಕೆ ಮಗನನ್ನು ಎಳೆದುಕೊಂಡು ಹೋದರು ಅಂತ ಸ್ಟೇಷನ್ ಗೇಟಿನ ಹತ್ತಿರ ನಿಂತಿರುವ ತಾಯಿಗೆ ನಿಮ್ಮ ಫೋನ್ ನಂಬರ್ ಯಾರೋ ಕೊಡುತ್ತಾರೆ. ಆಕೆಯ ಮಗ ಯಾವ ಪಕ್ಷದ ಬಾವುಟ ಹಿಡಿದಿದ್ದ ಅಂತ ಆಕೆಗೆ ಗೊತ್ತಿರಲಿಕ್ಕಿಲ್ಲ. ಕೇಸರಿ ಶಾಲು ಹಾಕಿದ್ದನೋ, ಕೆಂಪು ಬಾವುಟ ಹಿಡಿದಿದ್ದನೋ, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದನೋ. ಹಿಡಿದದ್ದನ್ನು ಮನೆಯವರಿಗೆ ತಿಳಿಸಿದರೇ, ಬಂಧನದ ಮೆಮೊಗೆ ಸಾಕ್ಷಿ ಸಹಿ ಹಾಕಿಸಿದರೇ, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿದರೇ? ನೀವು ಕೇಳಬೇಕಾದದ್ದು ಇಷ್ಟೇ ಅಲ್ವಾ? ಇವರು ಇಂಥ ಪಕ್ಷದವರು ಅಂತ ಒಂದು ಸಲ ಹೆಸರು ಬಿದ್ದರೆ, ಇನ್ನೊಂದು ಪಕ್ಷದ ಮನೆಯ ತಾಯಿ ನಿಮಗೆ ಫೋನ್ ಮಾಡುವುದೇ ಇಲ್ಲ. ಮಾಡಿದರೂ ಇನ್ಸ್‌ಪೆಕ್ಟರು ನಿಮ್ಮನ್ನು ವಿರೋಧ ಪಕ್ಷದವರು ಅಂತ ಬಾಗಿಲಲ್ಲೇ ನಿಲ್ಲಿಸುತ್ತಾನೆ.

ಅದಕ್ಕೇ ಕೆಲವು ಮಾತು ನೇರವಾಗಿ ಕೇಳುತ್ತೇನೆ. ಪದಾಧಿಕಾರಿಗಳಾಗಿರುವವರು ಚುನಾವಣಾ ಪ್ರಚಾರಕ್ಕೆ ಹೋಗಬೇಕು ಅನ್ನಿಸಿದರೆ ಹೋಗಲಿ, ಆದರೆ ಹುದ್ದೆ ಬಿಟ್ಟು ಹೋಗಲಿ. ವಾಪಸ್ ಬರುವ ಮುನ್ನ ಸ್ವಲ್ಪ ಕಾಲ ಕಳೆಯಲಿ. ಸರ್ಕಾರದ ನಿಗಮ, ಮಂಡಳಿ, ಅಕಾಡೆಮಿ, ಸಮಿತಿಗಳ ಹುದ್ದೆ ಒಪ್ಪಿಕೊಂಡವರಿಗೂ ಇದೇ ನಿಯಮ ಇರಲಿ. ಬೈಲಾದಲ್ಲಿ ಇಲ್ಲದಿದ್ದರೆ ಈ ಸಲದ ವಾರ್ಷಿಕ ಸಭೆಯಲ್ಲಿ ಸೇರಿಸಿ. ಇದರಿಂದ ಒಳ್ಳೆಯ ಕೆಲಸಗಾರರು ಕೆಲವರು ದೂರವಾಗಬಹುದು, ನನಗೆ ಗೊತ್ತು. ಆ ನಷ್ಟ ತಡೆದುಕೊಳ್ಳಬಹುದಾದದ್ದು.

ಇನ್ನೊಂದು, ತಕ್ಷಣ ಮಾಡಬಹುದಾದ ಕೆಲಸ. ಎರಡು ಆದೇಶಗಳನ್ನೂ ಒಂದೇ ಮನವಿ ಪತ್ರದಲ್ಲಿ ಹಾಕಿ. ಬಿಜೆಪಿ ಕಾಲದ ಫ್ರೀಡಂ ಪಾರ್ಕ್ ಆದೇಶ, ಕಾಂಗ್ರೆಸ್ ಕಾಲದ ಹತ್ತು ಜನರ ಆದೇಶ. ಎರಡೂ ಜನ ಸೇರುವ ಹಕ್ಕಿಗೆ ಬೇಲಿ ಹಾಕುತ್ತವೆ, ಎರಡನ್ನೂ ವಾಪಸ್ ಪಡೆಯಿರಿ ಅಂತ ಮುಖ್ಯಮಂತ್ರಿಗೆ ಬರೆಯಿರಿ. ಪ್ರತಿಯನ್ನು ವಿರೋಧ ಪಕ್ಷದ ನಾಯಕರಿಗೂ ಕಳಿಸಿ. ಸಹಿ ಹಾಕಲು ರೈತ ಸಂಘದವರನ್ನು, ಕಾರ್ಮಿಕ ಸಂಘದವರನ್ನು ಕರೆಯಿರಿ. ಆರ್‌ಎಸ್‌ಎಸ್‌ನವರು ಸಹಿ ಹಾಕುತ್ತೇವೆ ಅಂತ ಮುಂದೆ ಬಂದರೆ ಅವರಿಗೂ ಜಾಗ ಬಿಡಿ. ಮುಂದಿನ ಸಭೆಗೆ ನಾನು ಬರುತ್ತೇನೆ. ಈ ವಿಷಯ ಅಜೆಂಡಾದಲ್ಲಿ ಇದೆಯಾ ಅಂತ ಅಲ್ಲೇ ಎದ್ದು ನಿಂತು ಕೇಳುತ್ತೇನೆ.

ನಿಮ್ಮ,
ಒಬ್ಬ ಸದಸ್ಯ
ಬೆಂಗಳೂರು